ಹೊಸಬರ ಪುಟ

ನಿಮ್ಮ ರೋಗದ ಬಗ್ಗೆ ಬರೆಯಿರಿ, ಓದಿದವರಿಗೆ ಧೈರ್ಯ ಬರಲಿ ಎಂದು ಪರಿಚಯದವರೊಬ್ಬರು ಕೇಳಿದಾಗ ನಾನು ಬಹಳ ದಿನ ಉತ್ತರ ಕೊಡಲಿಲ್ಲ. ಧೈರ್ಯ ಹೇಳುವ ಬರಹವನ್ನು ನಾನು ಹಿಂದೆ ಒಮ್ಮೆ ಬರೆದಿದ್ದೇನೆ. ಅಕ್ಷರ ದುಂಡಗಿದ್ದವು, ಮಾತೂ ಚೆನ್ನಾಗಿತ್ತು. ಅದನ್ನು ನಂಬಿದ ಒಬ್ಬ ಹುಡುಗಿಗೆ ಏನಾಯಿತು ಎಂಬುದನ್ನು ಬಿಟ್ಟು ನನ್ನ ರೋಗದ ಕಥೆ ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾನು ಮೊದಲ ಸಲ ಬಿದ್ದದ್ದು ಇಳಕಲ್ಲಿನ ನಮ್ಮ ಮನೆಯ ಬಚ್ಚಲಲ್ಲಿ. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೆರಡು ವರ್ಷ. ಅಪ್ಪ ತೀರಿಹೋಗಿದ್ದ, ಅವ್ವ ಮಗ್ಗದವರ ಮನೆಗಳಿಗೆ ನೂಲು ಸುತ್ತಿ ಕೊಟ್ಟು ನನ್ನನ್ನು ಓದಿಸಿದ್ದಳು. ಮುಂಜಾನೆ ಎದ್ದು ಮುಖ ತೊಳೆಯಲು ಹೋದದ್ದು ನೆನಪಿದೆ. ಆಮೇಲೆ ನೆನಪಿರುವುದು ಬಾಯಲ್ಲಿ ರಕ್ತದ ರುಚಿ, ಮುಷ್ಟಿಯಲ್ಲಿ ಕೀಲಿಕೈ ಗೊಂಚಲು, ಮೂಗಿನ ಹತ್ತಿರ ಅವ್ವನ ಚಪ್ಪಲಿ. ಧೋತರ ಒದ್ದೆಯಾಗಿತ್ತು. ಅದು ಬಚ್ಚಲ ನೀರು ಎಂದು ನಾನು ಅಂದುಕೊಂಡೆ. ಅವ್ವನೂ ಹಾಗೆಯೇ ಹೇಳಿದಳು. ನಾನು ಬಿದ್ದ ಸದ್ದು ಕೇಳಿದೊಡನೆ ಅವಳು ಮೊದಲು ಮಾಡಿದ ಕೆಲಸ ಓಣಿಯ ಕಡೆಯ ಬಾಗಿಲು ಮುಚ್ಚಿದ್ದು. ಇದನ್ನು ಅವಳು ಎಷ್ಟೋ ವರ್ಷಗಳ ಮೇಲೆ ತಾನೇ ಹೇಳಿದಳು.

“ಯಾರ ಮುಂದೂ ಅನ್ನಬ್ಯಾಡ,” ಎಂದಳು. “ಉಷ್ಣ ಆಗೇತಿ.”

ಉಷ್ಣ ಮತ್ತೆ ಮತ್ತೆ ಆಯಿತು. ಯಾವಾಗಲೂ ಮುಂಜಾನೆಯೇ, ಎದ್ದು ಒಂದು ತಾಸಿನೊಳಗೆ. ಇದು ನನ್ನ ಅದೃಷ್ಟ ಎಂದು ಆಗ ನಂಬಿದ್ದೆ. ಮುಂಜಾನೆ ಬೀಳುವವನು ಹಗಲೆಲ್ಲ ಒಳ್ಳೆಯವನಾಗಿ ತಿರುಗಾಡಬಹುದು. ಹುನಗುಂದದ ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತನ ನೌಕರಿ ಸಿಕ್ಕಿತು, ಅವ್ವನೂ ನಾನೂ ಅಲ್ಲಿಗೆ ಬಂದೆವು. ಬಿದ್ದ ದಿನ ನಾಲಿಗೆ ಊದಿರುತ್ತಿತ್ತು. ಹಲ್ಲುನೋವು ಎಂದು ಹೇಳಿ ಮಾತಾಡದೆ ನಕಲು ಬರೆಯುತ್ತಿದ್ದೆ. ಅಂಥ ದಿನಗಳಲ್ಲಿ ನನ್ನ ಅಕ್ಷರ ಇನ್ನೂ ಚೆನ್ನಾಗಿ ಬರುತ್ತಿತ್ತು. ಕೈಗೆ ಏನೂ ಆಗಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಾಗಿತ್ತೋ ಏನೋ.

ತಾಯಿತ ಕಟ್ಟಿಸಿದ್ದು, ಬೀರಪ್ಪನ ಗುಡಿಯ ಭಂಡಾರದ ಅರಿಷಿಣ ಹಚ್ಚಿದ್ದು, ಎಲ್ಲಾ ಆಯಿತು. ಕೊನೆಗೆ ಇಳಕಲ್ಲಿನ ಒಬ್ಬ ಡಾಕ್ಟರರು ಇದು ಮೂರ್ಛೆರೋಗ ಎಂದು ಹೇಳಿ ಚೀಟಿ ಬರೆದುಕೊಟ್ಟರು. ಬಾಗಲಕೋಟೆಗೆ ಪ್ರತಿ ತಿಂಗಳ ಎರಡನೇ ರವಿವಾರ ಹುಬ್ಬಳ್ಳಿಯಿಂದ ನರರೋಗದ ಡಾಕ್ಟರರು ಬರುತ್ತಾರೆ, ಅಲ್ಲಿಗೆ ಹೋಗು ಎಂದರು.

ಅವರು ಬರುತ್ತಿದ್ದ ಬಾಗಲಕೋಟೆಯ ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಒಂದು ಹಳೆಯ ಮನೆ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಎರಡು ಉದ್ದನೆಯ ಬೆಂಚು. ನಸುಕಿನ ಬಸ್ಸಿಗೆಂದು ರಾತ್ರಿಯಿಡೀ ನಿದ್ದೆಗೆಟ್ಟು ಬಂದಿದ್ದೆ. ಟವೆಲ್ಲನ್ನು ತಲೆಗೂ ಬಾಯಿಗೂ ಸುತ್ತಿಕೊಂಡು ಬಾಗಿಲ ಹತ್ತಿರವೇ ನಿಂತೆ. ಬೆಂಚಿನ ಮೇಲೆ ಕೂತ ಒಬ್ಬ ಮುದುಕಿ ನನ್ನನ್ನು ನೋಡಿದಳು. ಅವಳ ಬಲಗೈ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು. ರೊಟ್ಟಿ ಬಡಿಯುವಾಗ ಒಲೆಗೆ ಬಿದ್ದ ಕೈ ಅದು ಎಂದು ಆಮೇಲೆ ತಿಳಿಯಿತು. ಬದಾಮಿಯ ತಂಗೆವ್ವ.

“ಬರ್ರಿ, ಕುಂದರ್ರಿ,” ಎಂದಳು. “ಮೊದಲನೇ ಸರ್ತಿ ಏನು?”

“ನಾ ಬ್ಯಾರೇದವರ ಸಲುವಾಗಿ ಬಂದೇನ್ರಿ,” ಎಂದೆ.

“ಹೌದಾ? ಹಂಗಾರ ಅವರು ಬರೂತನಾ ಇಲ್ಲಿ ಕುಂದರ ತಮ್ಮಾ.” ಸರಿದು ಜಾಗ ಮಾಡಿದಳು.

ಕೂತದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ನಾನು ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದೆ, ತಲೆಯ ಕೆಳಗೆ ಯಾರದೋ ಮಡಿಚಿದ ರುಮಾಲು. ಮೂಗಿಗೆ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಕೀಲಿಕೈ ಇರಲಿಲ್ಲ. ತಂಗೆವ್ವ ಬೆಂಚಿನಿಂದ ಇಳಿದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

“ಎರಡ ನಿಮಿಷ ಬಿದ್ದಿದ್ದಿ,” ಎಂದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವರ ಹಾಗೆ. “ನಾಲಿಗಿ ಸ್ವಲ್ಪ ಕಡದೈತಿ. ಧೋತರ ಹಸಿ ಆಗೇತಿ. ಮತ್ತೇನೂ ಆಗಿಲ್ಲ. ನೋಡ, ಯಾರೂ ಎದ್ದ ಹೋಗಿಲ್ಲ.”

ನಾನು ಸುತ್ತ ನೋಡಿದೆ. ಖರೆಯೇ, ಯಾರೂ ಎದ್ದು ಹೋಗಿರಲಿಲ್ಲ. ಕಂಪೌಂಡರ್ ಇಮಾಮಸಾಬ್ ಕಪಾಟಿನಿಂದ ಒಗೆದು ಮಡಿಚಿಟ್ಟ ಪೈಜಾಮ ತಂದು ಕೈಗೆ ಕೊಟ್ಟು, “ಹಿಂದ ಬಚ್ಚಲಾ ಅದರಿ. ಮುಂದಿನ ತಿಂಗಳ ತಂದ ಕೊಡ್ರಿ, ಅವಸರ ಇಲ್ಲ,” ಎಂದ. ಆ ಕಪಾಟಿನಲ್ಲಿ ಅಂಥ ಪೈಜಾಮಗಳು ಐದಾರು ಇದ್ದವು. ನನಗೆ ಬಂದದ್ದೇ ಇನ್ನೂ ಎಷ್ಟೋ ಜನರಿಗೆ ಬಂದಿದೆ ಎಂದು ಡಾಕ್ಟರರ ಮಾತಿಗಿಂತ ಮೊದಲು ನನಗೆ ಹೇಳಿದ್ದು ಆ ಪೈಜಾಮಗಳು.

ಬಿಳಿಯ ಗುಳಿಗೆ ಶುರುವಾಯಿತು. ದಿನಾ ತಪ್ಪದೆ ತೆಗೆದುಕೊಂಡರೆ ಬೀಳುವುದಿಲ್ಲ, ತಪ್ಪಿಸಿದರೆ ಬೀಳುತ್ತೀ ಎಂದರು ಡಾಕ್ಟರರು. ಅಷ್ಟೇ ಆಯಿತು. ಮೊದಲ ಆರು ತಿಂಗಳಲ್ಲಿ ಎರಡು ಸಲ ಬಿದ್ದೆ, ಆಮೇಲೆ ಇಲ್ಲ.

ಒಂದು ರವಿವಾರ ಡಾಕ್ಟರರು ನನ್ನ ಅಕ್ಷರ ನೋಡಿ ಒಂದು ದಪ್ಪ ವಹಿ ಕೈಗೆ ಕೊಟ್ಟರು. ಇಲ್ಲಿಗೆ ಬರುವವರು ತಿಂಗಳಿಗೊಮ್ಮೆ ಎರಡು ತಾಸು ಒಬ್ಬರನ್ನೊಬ್ಬರು ನೋಡುತ್ತಾರೆ, ಉಳಿದ ದಿನ ಒಬ್ಬೊಬ್ಬರೇ ಹೆದರಿ ಕೂತಿರುತ್ತಾರೆ. ಈ ವಹಿ ಟಪಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಲಿ, ಬರೆಯಲು ಬರುವವರು ಬರೆಯಲಿ, ಬಾರದವರು ಬೇರೆಯವರಿಂದ ಬರೆಯಿಸಲಿ, ಎರಡನೇ ರವಿವಾರಕ್ಕೆ ಅದು ಪಡಸಾಲೆಗೆ ವಾಪಸು ಬರಲಿ ಎಂಬುದು ಅವರ ಯೋಚನೆ. ಹೆಸರು ಹಾಕುವುದು ಬೇಡ, ಊರು ಹಾಕಿದರೆ ಸಾಕು ಎಂದು ಎಲ್ಲರೂ ಒಪ್ಪಿದರು. ಹೀಗಾಗಿ ವಹಿಯೊಳಗೆ ಬದಾಮಿಯವರು, ಕೆರೂರಿನವರು ಎಂದೇ ನಾವು ಒಬ್ಬರನ್ನೊಬ್ಬರು ಕರೆದುಕೊಂಡೆವು. ನಾನು ಹುನಗುಂದದವನು. ಉಳಿದವರ ಮನೆಗೆ ಹೋಗುತ್ತಿದ್ದ ವಹಿಯನ್ನು ನಾನು ಮಾತ್ರ ಕೋರ್ಟಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದೆ.

ಮೊದಲ ಪುಟ ಹೊಸಬರಿಗೆ. ಅದನ್ನು ಬರೆಯುವ ಕೆಲಸ ನನ್ನದು. ಶರಣು ಶರಣಾರ್ಥಿ ಎಂದು ಶುರುಮಾಡಿದ್ದೆ. ಇಮಾಮಸಾಬ್ ಓದಿ, “ನಮ್ಮವರೂ ಬರ್ತಾರ್ರಿ. ತಂಗೆವ್ವ ಅಂತಾಳಲ್ಲ, ಹಂಗ ಬರೀರಿ,” ಎಂದ. ‘ಬರ್ರಿ, ಕುಂದರ್ರಿ’ ಎಂದು ತಿದ್ದಿದೆ. ಪುಟ ಎಲ್ಲರಿಗೂ ಹಿಡಿಸಿತು. ಹೊಸದಾಗಿ ಬಂದವರಿಗೆ ಇಮಾಮಸಾಬ್ ಅದನ್ನು ಕೊಡುವುದು, ಅವರು ಓದುತ್ತ ಓದುತ್ತ ಮುಖದ ಮೇಲಿನ ಸೆರಗನ್ನೋ ಟವೆಲ್ಲನ್ನೋ ಸರಿಸುವುದು, ಅದನ್ನು ನಾನು ಎದುರಿನ ಬೆಂಚಿನಿಂದ ನೋಡುವುದು. ಮನುಷ್ಯನಿಗೆ ಸೊಕ್ಕು ಎಲ್ಲಿಂದ ಬರುತ್ತದೆ ಹೇಳಲಾಗದು. ನನಗೆ ರೋಗದಿಂದ ಬಂತು.

ಅಷ್ಟರಲ್ಲಿ ಅವ್ವ ಗುಡೂರಿನ ಹೆಣ್ಣು ನೋಡಿದಳು. ಗಂಗವ್ವ, ಏಳನೇ ಇಯತ್ತೆ ಓದಿದವಳು, ನೆಟ್ಟಗೆ ಮುಖ ನೋಡಿ ಮಾತಾಡುವವಳು.

“ಅವರಿಗೆ ಹೇಳಬೇಕಲ್ಲವಾ?” ಎಂದು ಕೇಳಿದೆ.

“ಹೇಳಿದ್ರ ನಿನಗ ಹೆಣ್ಣ ಯಾರ ಕೊಡ್ತಾರ?” ಎಂದಳು ಅವ್ವ. “ಈಗ ಎಲ್ಲಿ ಬೀಳಾಕತ್ತಿ? ಆರಾಮ ಆಗೇತಿ.”

ಕೇಳಿದ್ದೇನೆ ಎಂಬುದೊಂದು ಸಮಾಧಾನವಾಯಿತು. ಎರಡನೇ ಸಲ ಕೇಳಲಿಲ್ಲ. ಮದುವೆಯಾಯಿತು. ಗುಳಿಗೆ ಯಾತರದ್ದು ಎಂದು ಗಂಗವ್ವ ಕೇಳಿದಾಗ ಪಿತ್ತದ್ದು ಎಂದೆ. ಆಗಲೇ, ಮದುವೆಯಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಹಳೆಯ ವಹಿ ತುಂಬಿತೆಂದು ಹೊಸ ವಹಿ ತೆಗೆದೆವು. ಹೊಸಬರ ಪುಟವನ್ನು ಮತ್ತೆ ಬರೆಯಬೇಕಾಯಿತು. ಅದರಲ್ಲಿ ನಾನು ಹೊಸದಾಗಿ ಸೇರಿಸಿದ ಸಾಲುಗಳು ಇವು: ‘ಮುಚ್ಚಿಡಬೇಡಿರಿ. ಮುಚ್ಚಿಟ್ಟ ಬೇನೆ ಎರಡು ಬೇನೆ. ನಿಮ್ಮವರಿಗೆ ಹೇಳಿರಿ, ನಮ್ಮವರು ನಮ್ಮನ್ನು ಬಿಡುವುದಿಲ್ಲ.’

ಯಾಕೆ ಬರೆದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೋಸ ಮಾಡಬೇಕೆಂದು ಬರೆಯಲಿಲ್ಲ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ನಾನು ಮಾಡಲಾಗದ್ದನ್ನು ಬರೆದರೆ ಅರ್ಧ ಮಾಡಿದಂತೆ ಅನಿಸಿತ್ತು.

ಮೂರು ವರ್ಷ ಕಳೆದವು. ನಮಗೆ ಮಗಳು ಹುಟ್ಟಿದಳು. ಆಗ ಒಂದು ರವಿವಾರ ನೀಲವ್ವ ಬಂದಳು. ಇಪ್ಪತ್ತು ವರ್ಷದ ಹುಡುಗಿ, ಕುಳಗೇರಿ ಕ್ರಾಸಿನಲ್ಲಿ ಅವಳ ಅಪ್ಪ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಳಗೆ ಬರಲು ನಾಚಿ ಅಪ್ಪ ಹೊರಗೆ ಕಟ್ಟೆಯ ಮೇಲೆಯೇ ಉಳಿದ. ತಂಗೆವ್ವನಿಗೆ ಆ ತಿಂಗಳು ಬರಲಾಗಿರಲಿಲ್ಲ. ನಾನೇ ಎದ್ದು, “ಬಾ ತಂಗಿ, ಕುಂದರ,” ಎಂದು ಕೂರಿಸಿ ವಹಿ ಕೊಟ್ಟೆ. ಹೊಸಬರ ಪುಟವನ್ನು ಎರಡು ಸಲ ಓದಿದಳು.

“ಇದನ್ನ ಬರದವರು ನೀವ ಏನ್ರಿ ಅಣ್ಣಾರ?”

“ಹೌದು.”

ಅವಳಿಗೆ ನಿಶ್ಚಯವಾಗಿತ್ತು. ಹುಡುಗ ಬದಾಮಿ ಕಡೆಯ ಸಾಲಿ ಮಾಸ್ತರ. ಅವಳು ಬೀಳಲು ಶುರುವಾದದ್ದು ನಿಶ್ಚಯವಾದ ಮೇಲೆ. ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು. ಮನೆಯಲ್ಲಿ ಮುಚ್ಚಿಡು ಎನ್ನುತ್ತಿದ್ದರು. ಇದೆಲ್ಲ ಹೇಳಿ ಅವಳು ದನಿ ಇಳಿಸಿ ನನ್ನ ಹೆಂಡತಿಯ ಬಗ್ಗೆ ಕೇಳಿದಳು: “ನೀವು ಹೇಳಿದಾಗ ವೈನಿ ಏನಂದ್ರು?”

ಆಗ ನಿಜ ಹೇಳಬಹುದಿತ್ತು. ಪಡಸಾಲೆಯಲ್ಲಿ ನಮ್ಮ ಮಾತು ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ. ನನ್ನನ್ನು ತಡೆದದ್ದು ಅವಳ ಮುಖದ ಮೇಲಿದ್ದ ಮರ್ಯಾದೆ. ಅದು ಇಳಿಯುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

“ಏನೂ ಅನ್ನಲಿಲ್ಲ,” ಎಂದೆ. “ಗುಳಿಗಿ ಮರೀಬ್ಯಾಡ್ರಿ ಅಂದ್ಲು, ಅಷ್ಟ.”

ಅವಳು ನಕ್ಕಳು. “ಒಳ್ಳೆಯವರು ಅದಾರ ವೈನಿ,” ಎಂದಳು.

ಎರಡು ತಿಂಗಳ ಮೇಲೆ ವಹಿ ಕೋರ್ಟಿಗೆ ಬಂತು. ಊಟದ ಬಿಡುವಿನಲ್ಲಿ ಬಿಚ್ಚಿದೆ. ಕುಳಗೇರಿಯವರ ಪುಟ ಸಣ್ಣದಾಗಿತ್ತು. ತಾನೇ ಅಪ್ಪನಿಗೆ ಹೇಳದೆ ಆ ಹುಡುಗನಿಗೆ ಕಾಗದ ಬರೆದು ಎಲ್ಲ ತಿಳಿಸಿದ್ದಾಗಿ ಬರೆದಿದ್ದಳು. ಹುಡುಗನ ಮನೆಯವರು ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಬಂದು ಅಂಗಡಿಯ ಮುಂದೆಯೇ ಮಾತಾಡಿದ್ದರು. ಕ್ರಾಸಿನಲ್ಲಿ ಬಸ್ಸಿಗೆ ನಿಂತವರೆಲ್ಲ ಕೇಳಿದರು. ನಿಶ್ಚಯ ಮುರಿಯಿತು. ಅಪ್ಪ ಮಾತು ಬಿಟ್ಟಿದ್ದ. ಅವಳ ತಂಗಿಯನ್ನು ಹೆಣ್ಣು ಕೇಳಲು ಬರುತ್ತಿದ್ದವರೂ ಬರುವುದನ್ನು ನಿಲ್ಲಿಸಿದರು. ಕೊನೆಯ ಸಾಲು ಹೀಗಿತ್ತು: ‘ಹೊಸಬರ ಪುಟದಲ್ಲಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹುನಗುಂದದ ವೈನಿಯಂಥವರು ಎಲ್ಲ ಮನೆಯಲ್ಲೂ ಇರುವುದಿಲ್ಲ, ಅದು ನನಗೆ ತಿಳಿಯಬೇಕಿತ್ತು.’

ನಾನು ವಹಿಯನ್ನು ಮುಚ್ಚಿ ಕಾಗದ ಸುತ್ತಿದೆ. ನನ್ನ ಪುಟದಲ್ಲಿ ಏನೂ ಬರೆಯಲಿಲ್ಲ. ಮುಂದಿನವರ ವಿಳಾಸ ಬರೆದು ಟಪಾಲಿಗೆ ಹಾಕಿ ಬಂದು ಒಂದು ಹೊಲದ ತಂಟೆಯ ತೀರ್ಪನ್ನು ಸಂಜೆಯವರೆಗೆ ನಕಲು ಮಾಡಿದೆ.

ಆ ತಿಂಗಳ ಎರಡನೇ ರವಿವಾರ ಬಾಗಲಕೋಟೆಗೆ ಹೋಗಲಿಲ್ಲ. ಅವಳ ಎದುರು ಕೂರಲಾಗುತ್ತಿರಲಿಲ್ಲ. ಗುಳಿಗೆ ಮುಗಿದವು. ಅವು ಹುನಗುಂದದ ಅಂಗಡಿಯಲ್ಲಿಯೂ ಸಿಗುತ್ತಿದ್ದವು, ಆದರೆ ಚೀಟಿ ತೋರಿಸಿ ಕೇಳಿದರೆ ಊರಿಗೆ ತಿಳಿಯುತ್ತದೆ. ಮೂರು ವರ್ಷದಿಂದ ಬಿದ್ದಿಲ್ಲ, ಒಂದು ತಿಂಗಳು ಏನಾಗುತ್ತದೆ ಎಂದುಕೊಂಡೆ. ಗುಳಿಗೆ ನಿಂತ ಐದನೇ ದಿನ ಮುಂಜಾನೆ, ನೀರೊಲೆಯ ಹತ್ತಿರ ಬಿದ್ದೆ.

ಅವ್ವ ಇಳಕಲ್ಲಿಗೆ ಹೋಗಿದ್ದಳು. ಕಣ್ಣು ಬಿಟ್ಟಾಗ ಪಕ್ಕದ ಮನೆಯ ಕಾಶಿಬಾಯಿ ನನ್ನ ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕೂತಿದ್ದಳು. ಗಂಗವ್ವ ಮಗಳನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನಾನು ಸತ್ತೇಹೋದೆ ಎಂದು ತಿಳಿದಿದ್ದಳಂತೆ.

“ಹಿಂದ ಯಾವಾಗರ ಬಂದಿತ್ತೇನವಾ ಇವರಿಗೆ?” ಎಂದು ಕಾಶಿಬಾಯಿ ಕೇಳಿದಳು.

“ಇಲ್ರಿ,” ಎಂದಳು ಗಂಗವ್ವ. “ದೇವರಾಣಿ ಇಲ್ರಿ. ಇದ ಮೊದಲು.”

ನನಗೆ ಎಚ್ಚರವಾಗಿತ್ತು. ಮಾತು ಕೇಳಿಸುತ್ತಿತ್ತು. ನಾನು ಮತ್ತೆ ಕಣ್ಣು ಮುಚ್ಚಿಕೊಂಡೆ. ನನ್ನ ಸುಳ್ಳಿಗೆ ಅವಳ ಬಾಯಿಂದ ದೇವರಾಣೆ ಬಿದ್ದಾಗಲೂ ಸುಮ್ಮನೆ ಮಲಗಿದ್ದೆ. ಜೀವನದಲ್ಲಿ ನಾಚಿಕೆಯ ಗಳಿಗೆಗಳು ಬೇಕಾದಷ್ಟು ಇವೆ. ಇದರಷ್ಟು ಕೆಳಗೆ ಹೋದದ್ದು ಬೇರೆ ಇಲ್ಲ.

ಮಧ್ಯಾಹ್ನ ಅವಳು ಗಂಜಿ ತಂದಿಟ್ಟು, ದೊಡ್ಡ ಡಾಕ್ಟರಿಗೆ ತೋರಿಸೋಣ, ತನ್ನ ಅಪ್ಪನನ್ನು ಕರೆಸುತ್ತೇನೆ ಎಂದಳು. ಆಗ ಹೇಳಿದೆ. ಧೈರ್ಯದಿಂದ ಅಲ್ಲ, ಬೇರೆ ದಾರಿ ಇರಲಿಲ್ಲ.

“ಇದು ಮೊದಲಿನದಲ್ಲ ಗಂಗಾ. ಲಗ್ನಕ್ಕಿಂತ ಮೊದಲಿಂದ ಅದ.”

ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ಅತ್ತಿಯವರಿಗೆ ಗೊತ್ತೈತಿ?”

“ಹೂಂ.”

“ಆ ಗುಳಿಗಿ ಇದರದ್ದ?”

“ಹೂಂ.”

“ಪಿತ್ತದ್ದು ಅಂದಿದ್ರಿ,” ಎಂದಳು. “ಪಿತ್ತ ಅಂತ ನಾ ಮೂರ ವರ್ಷ ಜೀರಗಿ ಕಷಾಯ ಕಾಸೀನಿ. ಗುಡೂರಿಂದ ಅಮ್ಮನ ಕಡೆ ಕೇಳಿ ಅಳಲಿಕಾಯಿ ತರಸೀನಿ. ದಿನಾ ಮುಂಜಾನಿ ನನ್ನ ಕೈಯಾಗಿನ ನೀರ ಇಸ್ಕೊಂಡು ನುಂಗ್ತಿದ್ರಿ. ಬ್ಯಾನಿಗೆ ನಾ ಏನೂ ಅನ್ನಂಗಿಲ್ಲರಿ. ಬ್ಯಾನಿ ಯಾರಿಗೂ ಬರ್ತದ. ದಿನಾ ನನ್ನ ಮಾರಿ ನೋಡಿ ನುಂಗ್ತಿದ್ರಲ್ಲ, ಅದನ್ನ ಏನ ಮಾಡ್ಲಿ?”

ಮರುದಿನ ಅವ್ವ ಬಂದು ಸಂಗತಿ ತಿಳಿದು ಅತ್ತಳು. “ಮುಚ್ಚಿಟ್ಟಾಕಿ ನಾನವಾ. ಅವನ್ನ ಅನಬ್ಯಾಡ,” ಎಂದಳು.

“ಗುಳಿಗಿ ನುಂಗಿದವರು ನೀವಲ್ಲ ಅತ್ತಿ,” ಎಂದಳು ಗಂಗವ್ವ.

ಮಗಳನ್ನು ಕರೆದುಕೊಂಡು ಗುಡೂರಿಗೆ ಹೋದಳು. ಒಂದು ತಿಂಗಳು ಬರಲಿಲ್ಲ. ಅವಳ ಅಪ್ಪ ಒಮ್ಮೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ನೀರು ಕೂಡ ಮುಟ್ಟದೆ ಎದ್ದು ಹೋದರು. ಕೋರ್ಟಿಗೂ ಸುದ್ದಿ ಮುಟ್ಟಿತು. ಒಬ್ಬಿಬ್ಬರು ನಾನು ಕುಡಿಯುವ ಲೋಟವನ್ನು ಬೇರೆ ಇಟ್ಟರು. ಶಿರಸ್ತೇದಾರರು ನನ್ನ ಮೇಜನ್ನು ಮೆಟ್ಟಿಲ ಬಳಿಯಿಂದ ಒಳಗೆ ಹಾಕಿಸಿ, “ಅಲ್ಲಿ ಬಿದ್ರ ತಲಿ ಒಡದೀತು,” ಎಂದರು. ಅಷ್ಟೇ. ಐದಾರು ವರ್ಷ ಹಗಲೂ ರಾತ್ರಿ ಹೆದರಿದ್ದು ಇಷ್ಟಕ್ಕೆ. ಇಷ್ಟೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಹೇಳುತ್ತಿದ್ದೆನೇ? ಹೌದು ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ.

ಗಂಗವ್ವ ತಾನಾಗಿ ಒಂದು ದಿನ ಬಸ್ಸಿಳಿದು ಬಂದಳು. ಮಗಳನ್ನು ಅವ್ವನ ಕೈಗೆ ಕೊಟ್ಟು ನನಗೆ ಹೇಳಿದಳು: “ಬಂದೇನಿ ಅಂದ್ರ ಮರತೇನಿ ಅಂತ ತಿಳಕೋಬ್ಯಾಡ್ರಿ. ಈ ರವಿವಾರ ಬಾಗಲಕೋಟಿಗೆ ನಾನೂ ಬರ್ತೇನಿ. ಎಲ್ಲಿ ಹೋಗ್ತಿದ್ರಿ, ಯಾರ ಜೋಡಿ ಕುಂದರ್ತಿದ್ರಿ, ನಾ ನೋಡಬೇಕು.”

ಪಡಸಾಲೆಗೆ ಹೋದೆವು. ತಂಗೆವ್ವ ಬಂದಿದ್ದಳು. ಗಂಗವ್ವನನ್ನು ಕಂಡು, “ಬಾರವಾ, ಕುಂದರ. ಮೊದಲನೇ ಸರ್ತಿ ಏನು?” ಎಂದಳು. ಗಂಗವ್ವ ಬೇನೆ ತನಗಲ್ಲ ಎಂದು ಹೇಳಲಿಲ್ಲ. “ಹೌದ್ರಿ, ಮೊದಲನೇ ಸರ್ತಿ,” ಎಂದು ಕೂತಳು. ಇಮಾಮಸಾಬ್ ರೂಢಿಯ ಪ್ರಕಾರ ಅವಳ ಕೈಗೂ ವಹಿ ಕೊಟ್ಟ. ಅವಳು ಹೊಸಬರ ಪುಟವನ್ನು ಬೆರಳಿಟ್ಟು ನಿಧಾನವಾಗಿ ಓದಿದಳು. ‘ಮುಚ್ಚಿಡಬೇಡಿರಿ’ ಎಂಬಲ್ಲಿ ಬೆರಳು ನಿಂತಿತು. ಪುಟದ ಕೆಳಗೆ ಬರೆದಿದ್ದ ತಾರೀಖನ್ನು ನೋಡಿದಳು. ನಮ್ಮ ಲಗ್ನದ ತಾರೀಖು ಅವಳಿಗೆ ಗೊತ್ತಿತ್ತಲ್ಲ. ವಹಿ ಮುಚ್ಚಿದಳು.

“ಅಕ್ಷರ ಭಾಳ ಚೆಂದ ಅದಾವ,” ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಇದನ್ನ ಓದಿ ಯಾರರ ಹೇಳಿದ್ರೇನು?”

ಎದುರು ಬೆಂಚಿನ ತುದಿಯಲ್ಲಿ ನೀಲವ್ವ ಕೂತಿದ್ದಳು. ಇಳಿದುಹೋಗಿದ್ದಳು. ನಾನು ಗಂಗವ್ವನಿಗೆ ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದೆ, ವೈನಿ ಏನಂದ್ರು ಎಂದು ಅವಳು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ. ಗಂಗವ್ವ ನನ್ನ ಕಡೆ ನೋಡಲಿಲ್ಲ. “ಹೋಗಿ ಹೇಳ್ರಿ ಆಕಿಗೆ,” ಎಂದಳು. “ನನ್ನ ಹೆಸರಿನ ಮ್ಯಾಲೆ ಹೇಳಿದ ಸುಳ್ಳದು. ನಾ ಇಲ್ಲೇ ಕುಂತಿರ್ತೇನಿ.”

ಎಂಟು ಹತ್ತು ಹೆಜ್ಜೆಯ ದೂರ. ನಾನು ಹೋಗಿ ನೀಲವ್ವನ ಮುಂದೆ ನಿಂತು ಹೇಳಿದೆ. ನಾನು ಮನೆಯಲ್ಲಿ ಹೇಳಿರಲೇ ಇಲ್ಲ ಎಂದೆ. ಹೋದ ತಿಂಗಳು ಬಿದ್ದ ಮೇಲೆ ತಿಳಿಯಿತು ಎಂದೆ. ಕ್ಷಮಿಸು ಎನ್ನಲು ಬಾಯಿ ತೆರೆದೆ, ಅದು ಹೊರಗೆ ಬರಲಿಲ್ಲ.

ಅವಳು ಅಳಲಿಲ್ಲ. ಕೂಗಾಡಲೂ ಇಲ್ಲ.

“ನೀವು ಖರೆ ಹೇಳಿದ್ರೂ ನಾ ಅವರಿಗೆ ತಿಳಸ್ತಿದ್ದೆ ಏನೋ,” ಎಂದಳು. “ಸುಳ್ಳ ಹೇಳಿ ಹೋಗೂದು ನನಗ ಆಗ್ತಿರ್ಲಿಲ್ಲ. ಆದ್ರ ಗಟ್ಟಿಯಾಗಿ ಹೋಗ್ತಿದ್ದೆ. ಅಪ್ಪಗ ಮೊದಲ ಹೇಳ್ತಿದ್ದೆ. ಅಂಗಡಿ ಮುಂದ ಅವಾ ಒಬ್ಬನ ನಿಂತು ಅನಿಸಿಕೊಂಡ್ನಲ್ಲ, ಅದಾದ್ರೂ ತಪ್ಪತಿತ್ತು. ನೀವು ಬಾಗಲಾ ತೆರದೈತಿ ಅಂದ್ರಿ ಅಣ್ಣಾರ. ನಾ ಓಡಿ ಹೋಗಿ ಹಣಿ ಬಡಕೊಂಡೆ.”

ಅವಳು ಗಂಗವ್ವನ ತೊಡೆಯ ಮೇಲಿದ್ದ ವಹಿಯ ಕಡೆ ನೋಡಿದಳು.

“ನನಗ ಹೇಳಿದ್ರಿ, ಆತು. ವಹಿಯಾಗ ಬರೀರಿ,” ಎಂದಳು. “ಊರ ಅಲ್ಲ, ಹೆಸರ ಹಾಕಿ ಬರೀರಿ. ಮತ್ತ ಹೊಸಬರ ಪುಟ ಇನ್ನ ಮ್ಯಾಲೆ ನಾ ಬರೀತೇನಿ.”

ನನ್ನ ಪುಟ ಬರೆಯಲು ಮೂರು ವಾರ ಹಿಡಿಯಿತು. ವಹಿಯನ್ನು ಆ ಸಲ ಮನೆಯ ವಿಳಾಸಕ್ಕೆ ತರಿಸಿದೆ. ದೊಡ್ಡ ಮಾತುಗಳು ಬರುತ್ತಿದ್ದವು, ಹೊಡೆದು ಹಾಕುತ್ತಿದ್ದೆ. ಕೊನೆಗೆ ಉಳಿದದ್ದು ಒಂದೂವರೆ ಪುಟ: ಎಂದು ಬೀಳಲು ಶುರುವಾಯಿತು, ಯಾರಿಗೆ ಹೇಳಲಿಲ್ಲ, ಹೇಳಿರೆಂದು ಯಾರಿಗೆ ಬರೆದೆ, ಅದರಿಂದ ಯಾರಿಗೆ ಏನಾಯಿತು. ಕೆಳಗೆ ಪೂರ್ಣ ಹೆಸರು. ಗಂಗವ್ವನಿಗೆ ಓದಲು ಕೊಟ್ಟೆ. ಓದಿ, ಒಂದು ಕಡೆ ಮೂರು ವರ್ಷ ಎಂದಿದ್ದಲ್ಲಿ ‘ಮೂರು ವರ್ಷ ಎರಡು ತಿಂಗಳು’ ಎಂದು ತಿದ್ದಿ ಕೊಟ್ಟಳು.

ಅವಳಿಗೂ ನನಗೂ ನಡುವೆ ಆದದ್ದು ಪೂರ್ತಿ ಸರಿಹೋಯಿತು ಎಂದು ಬರೆಯಲಾರೆ. ಮತ್ತೆರಡು ಮಕ್ಕಳಾದವು, ಅವ್ವನನ್ನು ಕೊನೆಯವರೆಗೆ ಗಂಗವ್ವನೇ ನೋಡಿಕೊಂಡಳು, ನನ್ನ ಗುಳಿಗೆ ಮುಗಿಯುವ ಮೊದಲೇ ತರಿಸಿಡುವವಳೂ ಅವಳೇ. ಆದರೆ ನಾನು ಏನಾದರೂ ಹೇಳಿದರೆ ಒಂದು ಕ್ಷಣ ನನ್ನ ಮುಖ ನೋಡಿ ಆಮೇಲೆ ನಂಬುತ್ತಾಳೆ. ಆ ಒಂದು ಕ್ಷಣ ಮೊದಲು ಇರಲಿಲ್ಲ.

ನೀಲವ್ವ ಬಾಲವಾಡಿಯ ಶಿಕ್ಷಕಿಯಾದಳು. ಅವಳ ಅಪ್ಪ ಒಂದು ವರ್ಷದ ಮೇಲೆ ಕಟ್ಟೆ ಬಿಟ್ಟು ಒಳಗೆ ಬಂದು ಕೂರತೊಡಗಿದ. ಲಗ್ನದ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅವಳು ಬರೆದ ಹೊಸಬರ ಪುಟ ನನ್ನದರ ಕಾಲು ಭಾಗ ಇತ್ತು, ಅಕ್ಷರವೂ ಸೊಟ್ಟ. ಗುಳಿಗೆ ತಪ್ಪಿಸಬೇಡಿರಿ, ನಿದ್ದೆಗೆಡಬೇಡಿರಿ, ಬಿದ್ದವರನ್ನು ಮಗ್ಗುಲಾಗಿ ಮಲಗಿಸಿರಿ. ಕೊನೆಗೆ ಇಷ್ಟು: ‘ಮನೆಯಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಹೇಳಿದರೆ ಏನಾಗಬಹುದು ಎಂದು ತಿಳಿಯಲು ಕುಳಗೇರಿಯವರ ಪುಟ ಓದಿರಿ. ಹೇಳದಿದ್ದರೆ ಏನಾಗಬಹುದು ಎಂದು ತಿಳಿಯಲು ಹುನಗುಂದದವರ ಪುಟ ಓದಿರಿ. ಇಬ್ಬರೂ ಇಲ್ಲೇ ಬೆಂಚಿನ ಮೇಲೆ ಇರುತ್ತಾರೆ, ಏನಾದರೂ ಕೇಳುವುದಿದ್ದರೆ ಕೇಳಿರಿ.’

ಹೀಗೆ ಪ್ರತಿ ಹೊಸಬರೂ ಮೊದಲ ದಿನವೇ ಓದುವುದು ನನ್ನ ನಾಚಿಕೆಯ ಪುಟವಾಯಿತು. ಅವರು ಓದುವಾಗ ನಾನು ಎದುರಿಗೇ ಕೂತಿರಬೇಕು. ಮೊದಮೊದಲು ನೀರು ಕುಡಿಯುವ ನೆವ ಮಾಡಿ ಹೊರಗೆ ಹೋಗುತ್ತಿದ್ದೆ. ಆಮೇಲೆ ಬಿಟ್ಟೆ.

ಒಂದು ರವಿವಾರ ನನ್ನ ವಯಸ್ಸಿನವನೇ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಪಡಸಾಲೆಯಲ್ಲಿ ಯಾರಾದರೂ ಗುರುತಿನವರು ಇದ್ದಾರೋ ಎಂದು ಮೊದಲು ಎಲ್ಲರ ಮುಖ ನೋಡಿದ. ವಹಿ ತೆಗೆದುಕೊಂಡು ನಿಂತೇ ಓದಿದ. ನನ್ನ ಪುಟಕ್ಕೆ ಬಂದವನು ತಲೆ ಎತ್ತಲೇ ಇಲ್ಲ, ಬಹಳ ಹೊತ್ತು ಅಲ್ಲೇ ಇದ್ದ. ಆಮೇಲೆ ನನ್ನ ಹತ್ತಿರ ಬಂದು ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ.

“ಇವರು ನೀವ ಏನ್ರಿ?”

“ಹೌದ್ರಿ, ನಾನ.”

ಬೈಯಬಹುದು ಎಂದುಕೊಂಡೆ. ಹಿಂದೆ ಒಬ್ಬರು ಬೈದಿದ್ದರು. ಅವನು ಚೀಲವನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತ. ವಹಿಯನ್ನು ತೊಡೆಯ ಮೇಲೆ ತೆರೆದೇ ಇಟ್ಟುಕೊಂಡು, ನೆಲ ನೋಡುತ್ತ ಹೇಳಿದ:

“ನನ್ನ ಲಗ್ನಾಗಿ ಐದು ವರ್ಷ ಆತ್ರಿ. ನಾನೂ ಹೇಳಿಲ್ಲ.”